ಹತ್ತು ಹದಿನೈದು ಕ್ಲಬ್ ಸುತ್ತಿದ ಫುಟ್‌ಬಾಲ್ ಆಟಗಾರ ಸೋತವನಾ?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಕೆಲವರು ಹತ್ತು ಹದಿನೈದು ಕ್ಲಬ್ ಬದಲಿಸುತ್ತಾರಲ್ಲ, ಅವರಿಗೆ ಒಂದು ಕಡೆ ನಿಲ್ಲೋಕೆ ಮನಸ್ಸಿಲ್ವಾ, ಇಲ್ಲಾ ಆಟವೇ ಸಾಲದಾ?

ಎರಡೂ ಅಲ್ಲ ಅಂತೀನಿ. ಅವರಲ್ಲಿ ಹೆಚ್ಚಿನವರು ಕ್ಲಬ್ ಬಿಟ್ಟು ಹೋದವರಲ್ಲ, ಕಾಂಟ್ರಾಕ್ಟ್ ಮುಗಿದವರು. ನಾನು ಮೈದಾನಕ್ಕಿಳಿದವನಲ್ಲ, ಬರೀ ನೋಡುವವನು. ಆದರೆ ಪ್ರೀಮಿಯರ್ ಲೀಗ್‌ಗಿಂತ ಲೀಗ್ ಟೂ ಮೇಲೆಯೇ ನನಗೆ ಜಾಸ್ತಿ ಹುಚ್ಚು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ತಲಾ 24 ತಂಡ. ಅದಕ್ಕೂ ಕೆಳಗೆ ನ್ಯಾಷನಲ್ ಲೀಗ್. ಲೀಗ್ ಟೂ ಆಟಗಾರ ಒಂದು ಸೀಸನ್ನಿನಲ್ಲಿ ಲೀಗ್ ಪಂದ್ಯಗಳನ್ನೇ 46 ಆಡಬೇಕು, ಕಪ್ ಪಂದ್ಯ ಬೇರೆ. ದಕ್ಷಿಣದ ತುದಿಯ ಪ್ಲಿಮತ್‌ನಿಂದ ಉತ್ತರದ ತುದಿಯ ಕಾರ್ಲೈಲ್‌ಗೆ ರಸ್ತೆಯಲ್ಲಿ 600 ಕಿಲೋಮೀಟರಿಗೂ ಜಾಸ್ತಿ. ವಾರದ ಮಧ್ಯೆ ಅಲ್ಲಿ ರಾತ್ರಿ ಪಂದ್ಯ ಬಿತ್ತು ಅಂದರೆ ಮನೆ ಸೇರುವಾಗ ಬೆಳಗಾಗಿರುತ್ತದೆ.

ಆದರೆ ಈ ಆಟಗಾರರನ್ನು ನಿಜವಾಗಿ ಸುಸ್ತು ಮಾಡುವುದು ಮೇ ತಿಂಗಳು. ಸೀಸನ್ ಮುಗಿದ ಕೂಡಲೇ ಪ್ರತಿ ಕ್ಲಬ್ ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ 'ರಿಟೇನ್ಡ್ ಲಿಸ್ಟ್' ಹಾಕುತ್ತದೆ. ಜೂನ್ 30ಕ್ಕೆ ಕಾಂಟ್ರಾಕ್ಟ್ ಖತಂ. ಜುಲೈನಲ್ಲಿ ಬೇರೆ ಯಾವುದೋ ಕ್ಲಬ್ಬಿನ ಟ್ರಯಲ್. ಪ್ರೀ-ಸೀಸನ್ ಪಂದ್ಯಗಳ ತಂಡದ ಪಟ್ಟಿಯಲ್ಲಿ ಅವನ ಹೆಸರೂ ಇರುವುದಿಲ್ಲ, 'ಟ್ರಯಲಿಸ್ಟ್' ಅಂತ ಮಾತ್ರ ಇರುತ್ತದೆ. ಇನ್ನೂರು ಪಂದ್ಯ ಆಡಿದವನಿಗೂ ಅದೇ ಗತಿ. ಅದೃಷ್ಟವಿದ್ದರೆ ಆಗಸ್ಟ್ ಹೊತ್ತಿಗೆ ಇನ್ನೊಂದು ವರ್ಷದ ಕಾಗದಕ್ಕೆ ಸಹಿ. ಹೀಗೆ ಹತ್ತು ವರ್ಷ ನಡೆದರೆ ಎಷ್ಟು ಕ್ಲಬ್ ಆಯಿತು, ನೀವೇ ಲೆಕ್ಕ ಹಾಕಿ. ಮಧ್ಯೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ ಬೇರೆ ಕ್ಲಬ್ಬಿಗೆ ಹೋದದ್ದೂ ಸೇರುತ್ತದೆ.

ಯುರೋಪಿನ ನ್ಯಾಯಾಲಯದ 1995ರ ಬೋಸ್ಮನ್ ತೀರ್ಪು ಆಟಗಾರರಿಗೆ ಬಿಡುಗಡೆ ಕೊಟ್ಟಿತು ಅಂತಾರೆ. ನಿಜವೇ. ಅದಕ್ಕೂ ಮುಂಚೆ ಕಾಂಟ್ರಾಕ್ಟ್ ಮುಗಿದವನನ್ನು ಕರೆದುಕೊಳ್ಳುವ ಕ್ಲಬ್ಬಿನಿಂದ ಹಳೆ ಕ್ಲಬ್ ಹಣ ಕೇಳಬಹುದಿತ್ತು. ಹೆಸರು ಮಾಡಿದವರಿಗೆ ಈ ತೀರ್ಪಿನಿಂದ ಲಾಭವಾಯಿತು. ಕೆಳಗಿನವರಿಗೆ ಸಿಕ್ಕ ಬಿಡುಗಡೆ ಅಂದರೆ ಬಹಳ ಸಲ ಕೆಲಸದಿಂದಲೇ ಬಿಡುಗಡೆ.

ಕಾಂಟ್ರಾಕ್ಟಿನಲ್ಲಿ ಇನ್ನೊಂದು ಷರತ್ತು ಇರುವುದುಂಟು. ಇಂತಿಷ್ಟು ಪಂದ್ಯ ಆಡಿದರೆ ಮುಂದಿನ ವರ್ಷ ತಾನಾಗಿಯೇ ಸಿಗುತ್ತದೆ ಅಂತ. ಕೇಳೋಕೆ ಚೆನ್ನಾಗಿದೆ ಅಲ್ವಾ? ಮಾರ್ಚ್ ಬರುತ್ತದೆ, ಆ ಸಂಖ್ಯೆಗೆ ಒಂದೆರಡು ಪಂದ್ಯ ಬಾಕಿ. ಮೈಯಲ್ಲಿ ಏನೂ ತೊಂದರೆಯಿಲ್ಲದ ಆಟಗಾರ ಇದ್ದಕ್ಕಿದ್ದಂತೆ ತಂಡದಿಂದ ಹೊರಗೆ. ಮ್ಯಾನೇಜರ್ ತಂತ್ರ ಬದಲಾಯಿಸಿದೆ ಅನ್ನುತ್ತಾನೆ. ಡ್ರೆಸಿಂಗ್ ರೂಮಿನಲ್ಲಿ ಎಲ್ಲರಿಗೂ ವಿಷಯ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮುಂದಿನ ಸಲ ಅದು ತಮ್ಮದೇ ಸರದಿ ಇರಬಹುದು.

ಇಂಥ ಬದುಕಿಗೆ ಉದಾಹರಣೆ ಕೇಳಿದರೆ ಎಲ್ಲರೂ ಜೇಮೀ ವಾರ್ಡಿ ಹೆಸರು ಹೇಳುತ್ತಾರೆ. ಕಾರ್ಖಾನೆ ಕೆಲಸ ಮಾಡಿಕೊಂಡು ಸ್ಟಾಕ್ಸ್‌ಬ್ರಿಜ್ ಅನ್ನೋ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದವನು 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದ. ರಿಕಿ ಲ್ಯಾಂಬರ್ಟ್ ಕೂಡ ಹಾಗೇ. ಒಂದು ಕಾಲಕ್ಕೆ ಬೀಟ್‌ರೂಟ್ ಕಾರ್ಖಾನೆಯಲ್ಲಿ ದುಡಿದವನು, ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್ ಅಂತ ಸುತ್ತಿ, 2013ರಲ್ಲಿ 31ನೇ ವಯಸ್ಸಿಗೆ ಇಂಗ್ಲೆಂಡ್ ಪರ ಮೊದಲ ಪಂದ್ಯದಲ್ಲೇ ಸ್ಕಾಟ್ಲೆಂಡ್ ವಿರುದ್ಧ ಗೋಲು ಹೊಡೆದ. ಒಳ್ಳೆಯ ಕಥೆಗಳೇ. ಆದರೆ ಇವರು ಆ ಬದುಕಿನಿಂದ ತಪ್ಪಿಸಿಕೊಂಡವರು. ಅಲ್ಲೇ ಇದ್ದವರ ಬಗ್ಗೆ ಇವರಿಂದ ಏನೂ ಗೊತ್ತಾಗುವುದಿಲ್ಲ.

ನಾನು ಹೇಳುವುದು ಜಿಮ್ಮಿ ಗ್ಲಾಸ್ ಹೆಸರು. ಗೋಲ್‌ಕೀಪರ್. ಬೋರ್ನ್‌ಮತ್ ಬಿಟ್ಟು ಸ್ವಿಂಡನ್ ಸೇರಿದ್ದ, ಅಲ್ಲಿ ಆಡಿಸುತ್ತಿರಲಿಲ್ಲ. 1999ರ ವಸಂತದಲ್ಲಿ ಕಾರ್ಲೈಲ್‌ಗೆ ಕೀಪರೇ ಇಲ್ಲದಂತಾಯಿತು. ಲೋನ್ ಮೇಲೆ ಇವನನ್ನು ಕರೆಸಿಕೊಂಡರು. ಅವನು ಅಲ್ಲಿ ಆಡಿದ್ದು ಒಟ್ಟು ಮೂರೇ ಪಂದ್ಯ. ಮೂರನೆಯದು ಮೇ 8ರಂದು ಪ್ಲಿಮತ್ ವಿರುದ್ಧ, ಸೀಸನ್ನಿನ ಕೊನೆಯ ದಿನ. ಗೆಲ್ಲದಿದ್ದರೆ ಕಾರ್ಲೈಲ್ ಮೇಲಿನ ನಾಲ್ಕು ಲೀಗುಗಳಿಂದಲೇ ಹೊರಗೆ. ಸ್ಕೋರು 1-1, ತೊಂಬತ್ತು ನಿಮಿಷ ಮುಗಿದಿದೆ. ಕಾರ್ನರ್ ಸಿಕ್ಕಿತು. ಗ್ಲಾಸ್ ತನ್ನ ಗೋಲ್ ಬಿಟ್ಟು ಆ ಕಡೆಗೆ ಓಡಿದ. ಕಾರ್ಲೈಲ್ ಆಟಗಾರನೊಬ್ಬ ತಲೆಯಿಂದ ಹೊಡೆದದ್ದನ್ನು ಪ್ಲಿಮತ್ ಕೀಪರ್ ತಡೆದ, ಚೆಂಡು ಗ್ಲಾಸ್ ಮುಂದೆಯೇ ಬಿತ್ತು. ಬಲಗಾಲಿನಿಂದ ಬಾರಿಸಿದ, ಗೋಲು. ಜನ ಮೈದಾನಕ್ಕೆ ನುಗ್ಗಿದರು. ಕಾರ್ಲೈಲ್ ಉಳಿಯಿತು, ಸ್ಕಾರ್ಬರೋ ಕೆಳಗಿಳಿಯಿತು.

ಆಮೇಲೆ? ಕಾರ್ಲೈಲ್‌ನಲ್ಲಿ ಅವನು ಉಳಿಯಲಿಲ್ಲ. ಇನ್ನೂ ಒಂದೆರಡು ವರ್ಷ ಅಲ್ಲಿ ಇಲ್ಲಿ ಆಡಿ, ಮೂವತ್ತು ತುಂಬುವ ಮೊದಲೇ ವೃತ್ತಿ ಫುಟ್‌ಬಾಲ್ ಬಿಟ್ಟ. ಟ್ಯಾಕ್ಸಿ ಓಡಿಸಿದ. ಒಂದು ಕ್ಲಬ್ಬನ್ನೇ ಉಳಿಸಿದ ಗೋಲೂ ಅವನ ಕೆಲಸ ಉಳಿಸಲಿಲ್ಲ. ಇವನನ್ನು ಸೋತವನು ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಕ್ಲಬ್ಬುಗಳನ್ನು ಸುಮ್ನೆ ಬೈಯೋದೂ ಸರಿಯಲ್ಲ, ಅವುಗಳ ಸ್ಥಿತಿಯೂ ಹಾಗೇ ಇದೆ. 'ಬರಿ' (Bury) ಅನ್ನೋ ಊರಿನ ಕ್ಲಬ್ 1885ರದ್ದು, ಇಂಗ್ಲೆಂಡಿನ ಹಳೆಯ ನಾಕ್‌ಔಟ್ ಟೂರ್ನಿ ಎಫ್‌ಎ ಕಪ್ಪನ್ನು ಎರಡು ಸಲ ಗೆದ್ದದ್ದು. 2019ರಲ್ಲಿ ಅದರ ಆಟಗಾರರು ಸಂಬಳ ಸರಿಯಾಗಿ ಬರದಿದ್ದರೂ ಆಡಿ ತಂಡವನ್ನು ಲೀಗ್ ಒನ್‌ಗೆ ಏರಿಸಿದರು. ಅದೇ ಆಗಸ್ಟಿನಲ್ಲಿ ದುಡ್ಡಿನ ತೊಂದರೆಯಿಂದ ಕ್ಲಬ್ಬನ್ನೇ ಲೀಗಿನಿಂದ ತೆಗೆದುಹಾಕಿದರು. ಆಗ ಬೇರೆಡೆ ಹೋದ ಆಟಗಾರರನ್ನು ನೋಡಿ 'ಒಂದು ಕಡೆ ನಿಲ್ಲಲ್ಲ' ಅಂತ ಹೇಳೋಕಾಗುತ್ತಾ?

ಇನ್ನು ಆಟದ ಮಾತು. ಲೀಗ್ ಟೂ ಮ್ಯಾನೇಜರ್‌ಗೆ ಒಬ್ಬನನ್ನು ತಿದ್ದಿ ಬೆಳೆಸುವಷ್ಟು ಪುರುಸೊತ್ತಿಲ್ಲ, ಸತತ ಐದಾರು ಪಂದ್ಯ ಸೋತರೆ ಅವನದೇ ಕೆಲಸ ಹೋಗುತ್ತದೆ. ಹಾಗಾಗಿ ಅವನು ಹುಡುಕುವುದು ಬಂದ ದಿನವೇ ಎಡ ಬ್ಯಾಕ್ (ರಕ್ಷಣೆಯ ಎಡಬದಿ) ಆಡಬಲ್ಲವನನ್ನು, ಹೆಸರು ಗೊತ್ತಿಲ್ಲದ ಜೊತೆಗಾರರ ಮೇಲೂ ಕೂಗಿ ರಕ್ಷಣೆಯ ಸಾಲು ಸರಿಮಾಡುವವನನ್ನು, ಕೆಸರಿನ ಮೈದಾನದಲ್ಲೂ ಚೆಂಡಿಗೆ ತಲೆ ಕೊಡುವವನನ್ನು. ಹತ್ತನೇ ಕ್ಲಬ್ ಒಬ್ಬನನ್ನು ಕರೆಯುತ್ತಿದೆ ಅಂದರೆ ಒಂಬತ್ತು ಕಡೆ ಅವನ ಬಗ್ಗೆ ವಿಚಾರಿಸಿಯೇ ಕರೆದಿರುತ್ತದೆ. ಕೆಲಸ ಬಾರದವನನ್ನು ಮೂರನೇ ಕ್ಲಬ್ಬೇ ಮರೆತುಬಿಡುತ್ತದೆ.

ಮೂವತ್ತೆರಡು, ಮೂವತ್ಮೂರು ದಾಟಿದ ಮೇಲೆ ಹೆಚ್ಚಿನವರು ನ್ಯಾಷನಲ್ ಲೀಗಿಗೋ ಅದಕ್ಕೂ ಕೆಳಗೋ ಇಳಿಯುತ್ತಾರೆ. ಅಲ್ಲಿ ಅನೇಕ ಕ್ಲಬ್ಬುಗಳು ಪಾರ್ಟ್ ಟೈಮ್. ಮಂಗಳವಾರ, ಗುರುವಾರ ಸಂಜೆ ಪ್ರಾಕ್ಟೀಸ್, ಶನಿವಾರ ಪಂದ್ಯ, ಹಗಲಿಗೆ ಇನ್ನೊಂದು ನೌಕರಿ. ತಮಾಷೆ ಅಂದರೆ, ಎರಡೂ ಕಡೆಯ ಸಂಬಳ ಸೇರಿಸಿದರೆ ಕೆಲವರಿಗೆ ಲೀಗ್ ಟೂನಲ್ಲಿ ಬರುತ್ತಿದ್ದದ್ದಕ್ಕಿಂತ ಕೈಗೆ ಜಾಸ್ತಿಯೇ ಬರುತ್ತದೆ.