ದವಡೆ ಆಪರೇಷನ್‌ಗೆ ಎರಡು ತಿಂಗಳ ಹಳೇ ಸಿ.ಟಿ. ನಡೀತದೇನ್ರಿ?

ಮಾವನವರಿಗೆ ಬಲಗಡೆ ಕೆಳದವಡೆಯ ಕ್ಯಾನ್ಸರ್, ಎರಡು ತಿಂಗಳ ಹಿಂದಿನ ಸಿ.ಟಿ. ಇದೆ, ಅದರ ಮೇಲೇ ತ್ರೀಡಿ ಮಾಡೆಲ್ ಮಾಡಿಸಿ ಇನ್ನೊಂದು ಸ್ಕ್ಯಾನಿನ ರೊಕ್ಕ ಉಳಿಸಬಹುದಾ ಅಂತ ಯಾದಗಿರಿಯಿಂದ ಕೇಳಿದ್ದೀರಿ. ಇಂಥದ್ದೇ ಒಂದು ಸಿ.ಡಿ. ನನ್ನ ಟೇಬಲ್‌ಗೂ ಬಂದಿತ್ತು. ಕಲಬುರಗಿಯಲ್ಲಿ ಸರ್ಜನ್‌ಗಳಿಗೆ ದವಡೆ ಮಾಡೆಲ್ ಮಾಡಿಕೊಡೋದು ನನ್ನ ಕೆಲಸ. ನಡೀತದೆ ಬಿಡ್ರಿ ಅಂದೆ. ಕೆಟ್ಟಿದ್ದು ಅಲ್ಲೇ.

ಅದರಲ್ಲಿ ಇದ್ದದ್ದು 5 ಮಿ.ಮೀ. ಸ್ಲೈಸ್. ಅಂದರೆ ಒಂದೊಂದು ಚಿತ್ರವೂ 5 ಮಿ.ಮೀ. ದಪ್ಪದ ಹೋಳಿನ ಸರಾಸರಿ. ಕುತ್ತಿಗೆಯ ಗಂಟು ನೋಡೋಕೆ ಅಡ್ಡಿಯಿಲ್ಲ, ಆದರೆ ಅದರಿಂದ ಮಾಡೆಲ್ ಕಟ್ಟಿದರೆ ದವಡೆಯ ಕೆಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರ್ತದೆ. ಸಾಫ್ಟ್‌ವೇರಿನಲ್ಲಿ ಸ್ಮೂಥಿಂಗ್ ಕೊಟ್ಟೆ, ನುಣ್ಣಗೆ ಚೆಂದ ಕಂಡಿತು. ಸ್ಮೂಥಿಂಗ್ ಮೆಟ್ಟಿಲನ್ನ ಮುಚ್ಚುತ್ತದೆ ಅಷ್ಟೇ, ಸ್ಕ್ಯಾನಿನಲ್ಲೇ ಇಲ್ಲದ ಅಂಚನ್ನ ಎಲ್ಲಿಂದ ತರಬೇಕು? ಕೊಯ್ದ ದವಡೆಯನ್ನ ಹಿಡಿದಿಡೋಕೆ ಆ ಮಾಡೆಲ್ ಮೇಲೆ ಬಗ್ಗಿಸಿದ ಟೈಟಾನಿಯಂ ಪ್ಲೇಟ್, ಥಿಯೇಟರ್‌ನಲ್ಲಿ ಗದ್ದದ ಹತ್ತಿರ ಕೂತರೆ ಕಿವಿಯ ಕಡೆ ಎದ್ದು ನಿಂತಿತು. ಲಾಕಿಂಗ್ ಅಲ್ಲದ, ಅಂದರೆ ಸ್ಕ್ರೂ ತಲೆ ಪ್ಲೇಟಿಗೇ ಕಚ್ಚಿಕೊಳ್ಳದ ಪ್ಲೇಟನ್ನ ಹಂಗೇ ಸ್ಕ್ರೂ ಬಿಗಿದರೆ ಎಲುಬೇ ಪ್ಲೇಟಿನ ಕಡೆ ಎಳೆದುಕೊಂಡು ಹೋಗಿ ಹಲ್ಲಿನ ಕಚ್ಚು ತಪ್ಪುತ್ತದೆ. ಅಲ್ಲೇ ತಿರುಗಾ ಬಗ್ಗಿಸಿದರು. ಟೈಟಾನಿಯಂ ಅನ್ನ ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಮುಂದೆ ಮುರಿಯೋದೂ ಅಲ್ಲೇ. ತೆಳು ಸ್ಲೈಸ್ ಕೊಡ್ರಿ ಅಂತ ಸ್ಕ್ಯಾನ್ ಸೆಂಟರಿಗೆ ಆಮೇಲೆ ಫೋನ್ ಮಾಡಿದೆ. ತೆಳು ಸ್ಲೈಸ್ ಮಾಡೋಕೆ ಬೇಕಾದ ಕಚ್ಚಾ ಡೇಟಾ ಮೆಷಿನ್ನಿನಿಂದ ಅಳಿಸಿ ಹೋಗಿತ್ತು, ಅದನ್ನ ಬಹಳ ದಿನ ಇಡೋದಿಲ್ಲ.

ನಿಮ್ಮ ಸಿ.ಟಿ. ತೆಳು ಸ್ಲೈಸಿನದೇ ಆಗಿದ್ದರೂ ನನ್ನ ಮಾತು ಬೇಡ ಅಂತಲೇ. ಎಲುಬನ್ನ ಸಾಮಾನ್ಯವಾಗಿ ಗಡ್ಡೆಯಿಂದ ಸುಮಾರು 1 ಸೆಂ.ಮೀ. ಆಚೆ ಕೊಯ್ತಾರೆ. ಎರಡು ತಿಂಗಳ ಹಿಂದಿನ ಚಿತ್ರದ ಮೇಲೆ ಗೆರೆ ಎಳೆದರೆ ಆ 1 ಸೆಂ.ಮೀ. ಜಾಗವನ್ನ ಅಷ್ಟರಲ್ಲಿ ಗಡ್ಡೆಯೇ ತಿಂದಿರಬಹುದು. ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ಇದೆಯಲ್ಲ ಅನ್ನಬೇಡ್ರಿ, ಎಲುಬಿನ ಸುಣ್ಣ ಮೂರನೇ ಒಂದು ಭಾಗದಷ್ಟಾದರೂ ಹೋಗೋತನಕ ಅದರಲ್ಲಿ ಏನೂ ಕಾಣೋದಿಲ್ಲ. ಎಂ.ಆರ್.ಐ. ಮಜ್ಜೆಯನ್ನ ಚೆನ್ನಾಗಿ ತೋರಿಸ್ತದೆ, ಆದರೆ ಹುಳುಕು ಹಲ್ಲಿನ ಬಾವನ್ನೂ ಗಡ್ಡೆಯ ಲೆಕ್ಕಕ್ಕೆ ಸೇರಿಸಿಬಿಡಬಹುದು. ಮಾಡೆಲ್‌ಗೆ ಸಿ.ಟಿ.ಯೇ ಬೇಕು.

ಹೊಸ ಸ್ಕ್ಯಾನಿನ ಚೀಟಿಯಲ್ಲಿ ಡಾಕ್ಟರ್ ಕೈಲಿ ಬರೆಸಿಕೊಳ್ರಿ: ಸ್ಲೈಸ್ 1 ಮಿ.ಮೀ. ಅಥವಾ ಕಡಿಮೆ, ಗ್ಯಾಂಟ್ರಿ (ಮೆಷಿನ್ನಿನ ದುಂಡು ಚೌಕಟ್ಟು) ಓರೆ ಮಾಡದೆ, ಬೋನ್ ಮತ್ತು ಸಾಫ್ಟ್ ಟಿಶ್ಯೂ ಎರಡೂ, ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡೋ ಮದ್ದು) ಹಾಕಿ, ಡೈಕಾಂ (ಸ್ಕ್ಯಾನಿನ ಮೂಲ ಚಿತ್ರದ ಫೈಲ್) ಸಿ.ಡಿ. ಸಮೇತ. ಕಾಂಟ್ರಾಸ್ಟ್‌ಗೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ವರದಿ ಕೇಳ್ತಾರೆ, ಮೊದಲೇ ಮಾಡಿಸಿಟ್ಟುಕೊಳ್ರಿ. ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಡಲಿ. ಗಲ್ಲ ಉಬ್ಬಿಸಿ ಒಂದು ಸಲ ತೆಗೀರಿ ಅಂತಲೂ ಕೇಳ್ರಿ. ಗಲ್ಲ ವಸಡಿಗೆ ಅಂಟಿಕೊಂಡಿದ್ದರೆ ಗಡ್ಡೆ ಯಾವುದರದ್ದು ತಿಳಿಯೋದಿಲ್ಲ, ನಡುವೆ ಗಾಳಿ ತುಂಬಿದರೆ ಎರಡೂ ಬೇರೆ ಬೇರೆ ಕಾಣ್ತವೆ.

ಕಾಲಿನ ಫಿಬುಲಾ ಎಲುಬು ತೆಗೆದು ದವಡೆಗೆ ಕೂಡಿಸೋದಿದ್ದರೆ ಎರಡೂ ಕಾಲಿನ ಸಿ.ಟಿ. ಆಂಜಿಯೋ (ರಕ್ತನಾಳ ತೋರಿಸೋ ಸ್ಕ್ಯಾನ್) ತಪ್ಪಿಸಬೇಡ್ರಿ. ಮೊಣಕಾಲ ಕೆಳಗೆ ಮೂರು ರಕ್ತನಾಳ ಇರ್ತವೆ. ಕೆಲವರಲ್ಲಿ ಪಾದಕ್ಕೆ ರಕ್ತ ಒಯ್ಯೋ ಮುಖ್ಯ ದಾರಿಯೇ ಅದರಲ್ಲೊಂದಾದ ಪೆರೋನಿಯಲ್, ಎಲುಬಿನ ಜೊತೆ ತೆಗೆಯೋದೂ ಅದನ್ನೇ. ಬೀಡಿ ಸೇದೋರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಉಳಿದೆರಡು ಕಟ್ಟಿಕೊಂಡಿರೋದೂ ಉಂಟು.

ಉಳಿಸೋದಾದರೆ ಮಾಡೆಲ್ ಖರ್ಚಿನಲ್ಲಿ ಉಳಿಸ್ರಿ. ಸಿ.ಟಿ.ಯಿಂದ ಮಾಡೆಲ್ ಕಟ್ಟೋ ತ್ರೀಡಿ ಸ್ಲೈಸರ್ ಸಾಫ್ಟ್‌ವೇರ್ ಪುಕ್ಕಟೆ. ಪ್ಲೇಟ್ ಬಗ್ಗಿಸೋಕೆ ಅಗ್ಗದ ಪಿ.ಎಲ್.ಎ. ಪ್ಲಾಸ್ಟಿಕ್ ಸಾಕು. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗ್ತದೆ ನಿಜ, ಆದರೆ ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಹೋಗೋದು ಬಗ್ಗಿಸಿದ ಪ್ಲೇಟ್, ಮಾಡೆಲ್ ಅಲ್ಲ. ಗಡ್ಡೆಯಿಂದ ಉಬ್ಬಿದ ಕಡೆ ಹಂಗೇ ಪ್ರಿಂಟ್ ಮಾಡಿದರೆ ಪ್ಲೇಟೂ ಉಬ್ಬಿಕೊಂಡೇ ಬರ್ತದೆ, ಎಡಗಡೆ ಚೆನ್ನಾಗಿದ್ದರೆ ಅದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಂಗೆ ಬಲಕ್ಕೆ ಕೂಡಿಸಿ ಪ್ರಿಂಟ್ ಮಾಡಿಸ್ರಿ.

ಸಿ.ಡಿ. ಕೈಗೆ ಬಂದ ಕೂಡಲೇ ಅಲ್ಲೇ ತೆರೆಸಿ ಚಿತ್ರ ಎಣಿಸ್ರಿ. 25 ಸೆಂ.ಮೀ. ಉದ್ದಕ್ಕೆ 5 ಮಿ.ಮೀ. ಸ್ಲೈಸ್ ಆದರೆ 50 ಚಿತ್ರ, 1 ಮಿ.ಮೀ. ಆದರೆ 250. ಐವತ್ತೇ ಕಂಡರೆ ಕೌಂಟರ್ ಬಿಟ್ಟು ಏಳಬೇಡ್ರಿ, ಅವತ್ತೇ ತೆಳು ಸ್ಲೈಸ್ ಹಾಕಿಸಿಕೊಂಡು ಬರ್ರಿ.