ನಮ್ಮ ಹಳ್ಳದ ಏಡಿ ಯಾವ ಪಟ್ಟಿಗೆ ಸೇರುತ್ತದೆ?

ಪ್ರಶ್ನೆ: ನಮ್ಮದು ಭತ್ತದ ಗದ್ದೆ. ಹತ್ತು ವರ್ಷದ ಹಿಂದೆ ಮಿರಗದ ಮಳೆ ಬಿದ್ದರೆ ಹಳ್ಳದ ತುಂಬ ಏಡಿ. ಈಗ ಬ್ಯಾಟರಿ ಹಿಡಿದು ರಾತ್ರಿಯೆಲ್ಲ ಹುಡುಕಿದರೂ ನಾಲ್ಕೈದು ಸಿಕ್ಕರೆ ಜಾಸ್ತಿ. ಅಳಿವಿನಂಚಿಗೆ ಬಂದಿವೆ ಅನ್ನಬಹುದಾ? ಅದನ್ನು ಹೇಗೆ ತೀರ್ಮಾನಿಸುತ್ತಾರೆ?
— ಓದುಗರೊಬ್ಬರು, ಖಾನಾಪುರ ತಾಲೂಕು

ಉತ್ತರ: ನಿಮ್ಮ ಪತ್ರ ಓದಿ ಅಜ್ಜಿ ನೆನಪಾದಳು. ನಾನೂ ಮಲಪ್ರಭೆ ದಂಡೆಯವನೇ. ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ತೆಗೆದರೆ ಅಜ್ಜಿ ಮೊದಲು ಅದನ್ನು ಅಂಗಾತ ಮಾಡಿ ನೋಡುತ್ತಿದ್ದಳು. ಹೊಟ್ಟೆಯ ಮಡಿಕೆ ಅಗಲವಿದ್ದರೆ ಹೆಣ್ಣು. ಒಮ್ಮೆ ಆ ಮಡಿಕೆ ಬಿಡಿಸಿದಾಗ ಒಳಗೆ ಜೋಳದ ಕಾಳಿನಷ್ಟು ಮರಿಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ‘ಬಿಡು ಅದನ್ನ, ಬಾಣಂತಿ’ ಅಂದಳು.

ಇದನ್ನು ಸುಮ್ನೆ ಹೇಳುತ್ತಿಲ್ಲ. ಸಮುದ್ರದ ಏಡಿಯ ಮರಿ ನೀರಲ್ಲಿ ತೇಲಿ ಎಲ್ಲೆಲ್ಲಿಗೋ ಹೋಗುತ್ತದೆ. ಸಿಹಿನೀರಿನ ಏಡಿ ತಾಯಿಯ ಮಡಿಕೆಯಿಂದ ಪೂರ್ತಿ ಏಡಿಯಾಗಿಯೇ ಇಳಿದು, ಅಲ್ಲೇ ಸುತ್ತಮುತ್ತ ಬದುಕುತ್ತದೆ. ಹಾಗಾಗಿ ಘಟ್ಟದ ಎಷ್ಟೋ ಜಾತಿಗಳು ಸಣ್ಣ ಜಾಗಕ್ಕೇ ಸೀಮಿತ. ಯಲ್ಲಾಪುರದ ಎರಡು ಬಣ್ಣದ ಏಡಿ, ಘಾಟಿಯಾನಾ ದ್ವಿವರ್ಣ, ಹೊಸ ಜಾತಿ ಅಂತ ಗೊತ್ತಾಗಿದ್ದೇ 2022ರಲ್ಲಿ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ‘ಕೆಂಪು ಪಟ್ಟಿ’ ಮಾಡುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನೇ ಕೇಳುತ್ತದೆ: ಎಷ್ಟು ಜಾಗದಲ್ಲಿ ಹರಡಿದೆ? 5,000 ಚದರ ಕಿ.ಮೀ.ಗಿಂತ ಕಡಿಮೆಯಿದ್ದು, ಕೆಲವೇ ತಾಣಗಳಲ್ಲಿ ಉಳಿದು, ಇಳಿಯುತ್ತಲೂ ಇದ್ದರೆ ಅದು ಅಳಿವಿನಂಚಿನ ಜಾತಿ. ನಮ್ಮ ಬೆಳಗಾವಿ ಜಿಲ್ಲೆಯೇ ಸುಮಾರು 13,400 ಚದರ ಕಿ.ಮೀ. ಇದೆ, ಅಂದಾಜು ಸಿಗುತ್ತದೆ ಅಲ್ವಾ? 10 ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟರಲ್ಲಿ ಸಂಖ್ಯೆ ಅರ್ಧಕ್ಕಿಳಿದರೂ ಅದೇ ಸಾಲಿಗೆ ಸೇರಬಹುದು. ಆದರೆ ಅದು ಇಡೀ ಜಾತಿಯ ಲೆಕ್ಕ. ನಿಮ್ಮದೊಂದೇ ಹಳ್ಳ ನೋಡಿ ನಾನು ಹೌದು ಅನ್ನಲಾರೆ.

ಹಾಗಂತ ನಿಮ್ಮ ನಾಲ್ಕೈದು ಏಡಿಗೆ ಬೆಲೆ ಇಲ್ಲ ಅಂತಲ್ಲ. 2009ರಲ್ಲಿ ಜಗತ್ತಿನ 1,280 ಜಾತಿ ಸಿಹಿನೀರಿನ ಏಡಿಗಳ ಅಳಿವಿನ ಅಪಾಯವನ್ನು ಅಳೆದಾಗ ಸುಮಾರು ಅರ್ಧದಷ್ಟಕ್ಕೆ ‘ಮಾಹಿತಿ ಸಾಲದು’ ಎಂದೇ ಬರೆಯಬೇಕಾಯಿತು. ಹಳ್ಳದ ಪಕ್ಕ ಇರುವ ನೀವೇ ಬರೆದಿಡದಿದ್ದರೆ ಇನ್ಯಾರು ಬರೆಯುತ್ತಾರೆ?

ಪ್ರತಿ ವರ್ಷ ಮಿರಗದಲ್ಲಿ ಅದೇ ನೂರು ಹೆಜ್ಜೆ, ಅದೇ ಹೊತ್ತಿಗೆ ನಡೆದು ಎಣಿಸಿ. ಒಂದೂ ಸಿಗದ ರಾತ್ರಿಯನ್ನೂ ಬರೆಯಿರಿ. ಬೆನ್ನಿನದೊಂದು, ಹೊಟ್ಟೆಯದೊಂದು ಫೋಟೋ ತೆಗೆಯಿರಿ. ಗಂಡೇಡಿ ಸಿಕ್ಕರೆ ಮಡಿಕೆಯನ್ನು ಮೆಲ್ಲಗೆ ಬಿಡಿಸಿ, ಅದರಡಿಯ ಕಡ್ಡಿಯಂಥ ಅಂಗದ ಫೋಟೋ ತೆಗೆದು ನೀರಿಗೆ ಬಿಡಿ. ತಜ್ಞರು ಜಾತಿ ಗುರುತಿಸಲು ಮುಖ್ಯವಾಗಿ ನೋಡುವುದು ಅದನ್ನೇ.