ಓದುಗರ ಪ್ರಶ್ನೆ: ಹಡಗಿನ ಕಂತು ಕಟ್ಟುವ ಆಟಕ್ಕೆ ಯಾವ ನಿಯಮಪುಸ್ತಕ?

ಪ್ರಶ್ನೆ: ನಾವು ಐದು ಮಂದಿ ಗೆಳೆಯರು, ಭಾನುವಾರ ಮಧ್ಯಾಹ್ನ ಮೂರು ತಾಸು ವಿದ್ಯಾನಗರದಾಗ ಸೇರತೇವ್ರಿ. ಇಬ್ಬರು ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರ ವಹಿಸೋ ಆಟ) ಆಡ್ಯಾರ, ಉಳಿದವರು ಹೊಸಬರು. ಒಂದು ಹಳೇ ಸರಕಿನ ಹಡಗು ಇಟ್ಕೊಂಡು ಗ್ರಹದಿಂದ ಗ್ರಹಕ್ಕ ಅಡ್ಡಾಡೋ ಕ್ಯಾಂಪೇನ್ (ವಾರವಾರ ಮುಂದುವರಿಯೋ ಒಂದೇ ಕಥಿ) ಬೇಕಾಗೇತಿ. ಪುಸ್ತಕಕ್ಕ ಭಾಳ ರೊಕ್ಕ ಹಾಕೂದು ಆಗೂದಿಲ್ಲ. ಯಾವುದು ಹಿಡೀಬೇಕ್ರಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮುಖಪುಟದ ರಾಕೆಟ್ ನೋಡಿ ಆರಿಸಬೇಡಿ. ಪುಸ್ತಕ ಯಾವ ಕೆಲಸಕ್ಕೆ ಹೆಚ್ಚು ನಿಯಮ ಬರೆದಿದೆಯೋ, ನಿಮ್ಮ ಮೂರು ತಾಸೂ ಅದರಲ್ಲೇ ಹೋಗುತ್ತವೆ. ಬಾಹ್ಯಾಕಾಶದ ಆಟಗಳ ಪೈಕಿ ಸ್ಟಾರ್‌ಫೈಂಡರ್‌ನಲ್ಲಿ ಕಾದಾಟ, ಮದರ್‌ಶಿಪ್‌ನಲ್ಲಿ ಭಯ, ಟ್ರಾವೆಲರ್‌ನಲ್ಲಿ ಬಾಡಿಗೆ, ಇಂಧನ, ಸಾಲ. ನಿಮಗೆ ಬೇಕಾದದ್ದು ಕೊನೆಯದು. 1977ರ ಟ್ರಾವೆಲರ್‌ನ ವಂಶದ್ದೇ ಆದ ಸೆಫಿಯಸ್ ಎಂಜಿನ್ ನಿಯಮಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಅದನ್ನೇ ಹಿಡಿಯಿರಿ. ದಾಳಗಳೂ ಹಾವು-ಏಣಿ ಆಟದವೇ ಸಾಕು. ಎರಡು ಹಾಕಿ, ಕೌಶಲದ ಅಂಕ ಕೂಡಿಸಿ, 8 ಮುಟ್ಟಿದರೆ ಕೆಲಸ ಆಯಿತು. ಏನೂ ಕೂಡಿಸದಿದ್ದರೆ 36ರಲ್ಲಿ 15 ಸಲ ಗೆಲುವು, +1 ಇದ್ದರೆ 21, +2 ಇದ್ದರೆ 26. ಅಂದರೆ ಒಂದೊಂದು ಅಂಕಕ್ಕೂ ಭಾರೀ ಬೆಲೆ. ಉದಾರವಾಗಿ ಹಂಚಿದರೆ ಯಾರೂ ಸೋಲುವುದೇ ಇಲ್ಲ, ಆಟ ಸಪ್ಪಗಾಗುತ್ತದೆ.

ಲೆಕ್ಕ ಹೀಗೆ ನಡೆಯುತ್ತದೆ. ಹಡಗಿನ ಬೆಲೆಯ 240ರಲ್ಲಿ ಒಂದು ಪಾಲು ತಿಂಗಳ ಕಂತು, 40 ವರ್ಷ. 4.8 ಕೋಟಿ ಕ್ರೆಡಿಟ್‌ನ (ಆಟದ ರೊಕ್ಕ) ಹಡಗು ಅಂದುಕೊಳ್ಳಿ: ಕಂತು 2 ಲಕ್ಷ. ಒಂದು ಜಂಪ್‌ಗೆ (ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆತ) ಒಂದು ವಾರ, ಬಂದರಿನಲ್ಲಿ ಸರಕು ಇಳಿಸಿ ಏರಿಸಲು ಮತ್ತೊಂದು ವಾರ. ತಿಂಗಳಿಗೆ ಎರಡೇ ಟ್ರಿಪ್. 200 ಟನ್ನಿನ ವ್ಯಾಪಾರಿ ಹಡಗಿನಲ್ಲಿ ಸುಮಾರು 80 ಟನ್ ಸರಕು ಹಿಡಿಯುತ್ತದೆ. ಟನ್ನಿಗೆ 1,000 ಬಾಡಿಗೆಯಂತೆ ಎರಡೂ ಟ್ರಿಪ್ ತುಂಬಿ ಹೋದರೂ ಕೈಗೆ ಬರುವುದು 1.6 ಲಕ್ಷ. ಜಂಪ್‌ಗೆ 20 ಟನ್ ಇಂಧನ. ಶುದ್ಧವಾದದ್ದು ಟನ್ನಿಗೆ 500. ಅಲ್ಲಿಗೆ ತಿಂಗಳಿಗೆ 20,000 ಹೋಯಿತು, ಸಿಬ್ಬಂದಿಯ ಪಗಾರ ಬೇರೆ. ಬರೀ ಬಾಡಿಗೆಯಿಂದ ಕಂತು ಏಳುವುದಿಲ್ಲ! ಪ್ರಯಾಣಿಕರನ್ನು ಹತ್ತಿಸಬೇಕು, ಬ್ಯಾಡಗಿ ಪೇಟೆಯವರ ಹಾಗೆ ದರ ನೋಡಿ ಸ್ವಂತ ಮಾಲು ಹಿಡಿಯಬೇಕು, ಇಲ್ಲವೇ ಯಾರೋ ತೋರಿಸಿದ ಕಳ್ಳ ಸರಕಿಗೆ ಕೈಯೊಡ್ಡಬೇಕು. ಸಾಹಸ ಶುರುವಾಗುವುದೇ ಈ ಕೊರತೆಯಿಂದ. ‘ಲೆಕ್ಕ ಯಾಕ ಬೇಕು’ ಎಂದು ಕಂತನ್ನು ಮಾಫಿ ಮಾಡಿದ ಗೇಮ್ ಮಾಸ್ಟರ್‌ಗೆ (ಆಟ ನಡೆಸುವವರಿಗೆ) ಮುಂದೆ ಪ್ರತಿ ವಾರ ಹೊಸ ಕಾರಣ ಹುಡುಕುವ ಪಾಡು.

ಡಿ ಆ್ಯಂಡ್ ಡಿ ಆಡಿದ ಆ ಇಬ್ಬರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಇಲ್ಲಿ ಲೆವೆಲ್ (ಆಡಿದಂತೆ ಏರುವ ದರ್ಜೆ) ಇಲ್ಲ, ಹಿಟ್ ಪಾಯಿಂಟ್‌ಗಳ (ಪೆಟ್ಟು ತಾಳುವ ಅಂಕಗಳ) ರಾಶಿಯೂ ಇಲ್ಲ. ಪೆಟ್ಟು ಮೊದಲು ತಾಳಿಕೆಯ ಅಂಕದಿಂದ ಕಳೆಯುತ್ತದೆ, ಅದು ತೀರಿದರೆ ಶಕ್ತಿ ಅಥವಾ ಚುರುಕಿನಿಂದ. ಅಂಕಗಳ ಸರಾಸರಿ 7. ರೈಫಲ್ಲಿನ ಒಂದು ಗುಂಡಿನ ಪೆಟ್ಟು ಮೂರು ದಾಳದ ಮೊತ್ತ, ಸರಾಸರಿ 10.5. ಕವಚವಿಲ್ಲದೆ ಎದ್ದು ನಿಂತವನು ಎರಡನೇ ಗುಂಡಿಗೆ ಮಲಗುತ್ತಾನೆ. ಇದು ಗೊತ್ತಿಲ್ಲದೆ ಎದೆ ಕೊಟ್ಟು ನುಗ್ಗಿದ್ದರಿಂದಲೇ ಎಷ್ಟೋ ಕ್ಯಾಂಪೇನ್‌ಗಳು ಮೊದಲ ದಿನವೇ ಮುಗಿಯುತ್ತವೆ.

ಪಾತ್ರಗಳನ್ನು ಮನೆಯಲ್ಲಿ ಬರೆದು ತರಿಸಬೇಡಿ, ಮೊದಲ ಭಾನುವಾರ ಎಲ್ಲರೂ ಕೂತು ಮಾಡಿ. ಪಾತ್ರದ ಹಿಂದಿನ ಬದುಕಿನ ನಾಲ್ಕು ನಾಲ್ಕು ವರ್ಷದ ನೌಕರಿಯ ಅವಧಿಗಳನ್ನು ದಾಳದಿಂದಲೇ ದಾಟಬೇಕು. ಬದುಕುಳಿಯುವ ದಾಳ ತಪ್ಪಿದರೆ ಮೂಲ ನಿಯಮದಲ್ಲಿ ಪಾತ್ರ ಅಲ್ಲೇ ಸಾಯುತ್ತದೆ. ಹೊಸಬರಿದ್ದಾರೆ, ಹಾಗಾಗಿ ಸಾವಿನ ಬದಲು ಅವಘಡದ ಪಟ್ಟಿ ಬಳಸಿ.

ಸೆಫಿಯಸ್‌ನ ಗ್ರಹಗಳು ಮಾತ್ರ ಒಣ ಅಂಕಿಗಳು. ಅದಕ್ಕೆ ಸ್ಟಾರ್ಸ್ ವಿದೌಟ್ ನಂಬರ್ ಎಂಬ ಇನ್ನೊಂದು ಬಾಹ್ಯಾಕಾಶದ ಆಟದ ಪುಕ್ಕಟೆ ಆವೃತ್ತಿ ಇಳಿಸಿಕೊಂಡು, ಅದರ ನೂರು ಲಕ್ಷಣಗಳ ಪಟ್ಟಿಯಿಂದ ಗ್ರಹಕ್ಕೆ ಎರಡೆರಡು ಆರಿಸಿ. ಶತ್ರು, ಮಿತ್ರ, ತೊಡಕು, ಜಾಗ ಎಲ್ಲ ಅಲ್ಲೇ ಸಿದ್ಧವಿರುತ್ತವೆ. ಮೊದಲಿಗೆ ಐದಾರು ಗ್ರಹ ಸಾಕು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಸ್ಟಾರ್‌ಫೈಂಡರೋ ಸ್ಕಮ್ ಆ್ಯಂಡ್ ವಿಲನಿಯೋ ಎಂದು ಜಗಳ ನಡೆದಿದೆ. ತೀರ್ಪು ಕೊಡಿ.
— ಓದುಗರೊಬ್ಬರು, ಗದಗ

ಉತ್ತರ: ಚೌಕಳಿ ನಕ್ಷೆ, ಗೊಂಬೆ, ಬಗೆಬಗೆಯ ಬಂದೂಕುಗಳ ಪಟ್ಟಿ ಖುಷಿ ಕೊಡುತ್ತದೆಯೇ? ಸ್ಟಾರ್‌ಫೈಂಡರ್. ಆದರೆ ಎಲ್ಲರೂ ಒಂದೇ ಆವೃತ್ತಿ ಹಿಡಿಯಿರಿ; 2017ರ ನಿಯಮ ಬೇರೆ, 2025ರ ಎರಡನೆಯದು ಬೇರೆ. ಸ್ಕಮ್ ಆ್ಯಂಡ್ ವಿಲನಿ ಬಾಹ್ಯಾಕಾಶದ ಪುಂಡರ ಆಟ; ಅದರಲ್ಲಿ ಹಾಕಿದ ದಾಳಗಳ ಪೈಕಿ ದೊಡ್ಡದನ್ನಷ್ಟೇ ನೋಡುತ್ತಾರೆ: 6 ಬಂದರೆ ಪೂರಾ ಗೆಲುವು, 4–5 ಬಂದರೆ ಕೆಲಸವೂ ಆಗುತ್ತದೆ, ಜೊತೆಗೊಂದು ತಾಪತ್ರಯವೂ. ಎರಡು ದಾಳ ಹಾಕಿದರೆ 36ರಲ್ಲಿ 16 ಸಲ ಬರುವುದು ಈ ಎರಡನೆಯದೇ. ಹೀಗಾಗಿ ಗೇಮ್ ಮಾಸ್ಟರ್‌ಗೆ ನಿಂತ ನಿಲುವಿನಲ್ಲಿ ತಾಪತ್ರಯ ಹುಟ್ಟಿಸುವ ಚಾಳಿ ಇರಬೇಕು. ನಿಮ್ಮವರಿಗೆ ಅದು ಇದ್ದರೆ ನನ್ನ ಮತ ಇದಕ್ಕೆ.

ಪ್ರಶ್ನೆ: ಎಂಟನೇ ತರಗತಿಯ ನಾಲ್ಕು ಮಕ್ಕಳಿಗೆ ಒಂದೇ ಸಂಜೆ ಆಡಿಸಬೇಕು.
— ಶಿಕ್ಷಕಿಯೊಬ್ಬರು, ಹಾವೇರಿ

ಉತ್ತರ: ಲೇಸರ್ಸ್ ಆ್ಯಂಡ್ ಫೀಲಿಂಗ್ಸ್, ಅಕ್ಕಾರೆ. ಇಡೀ ಆಟ ಒಂದು ಹಾಳೆ, ಅದೂ ಪುಕ್ಕಟೆ. ಪ್ರತಿ ಮಗು 2ರಿಂದ 5ರೊಳಗೆ ಒಂದು ಅಂಕಿ ಆರಿಸಿಕೊಳ್ಳಲಿ. ಯಂತ್ರ, ಲೆಕ್ಕ, ಗುರಿಯ ಕೆಲಸಕ್ಕೆ ಅದಕ್ಕಿಂತ ಕಡಿಮೆ ಬೀಳಬೇಕು. ಮಾತು, ಮನಸ್ಸು, ಹುಂಬತನಕ್ಕೆ ಹೆಚ್ಚು. ಸರಿಯಾಗಿ ಅದೇ ಅಂಕಿ ಬಿದ್ದರೆ ಗೆಲುವಿನ ಜೊತೆ ಆ ಮಗುವಿಗೆ ನಿಮ್ಮನ್ನು ಒಂದು ಪ್ರಶ್ನೆ ಕೇಳುವ ಹಕ್ಕು, ನೀವು ನಿಜ ಹೇಳಲೇಬೇಕು. ಸಿದ್ಧತೆ ಇದ್ದರೆ ಒಂದು ದಾಳ ಹೆಚ್ಚು, ಪರಿಣತಿ ಇದ್ದರೆ ಇನ್ನೊಂದು. ಆದ್ದರಿಂದ ಮೇಜಿನ ಮೇಲೆ ಮೂರು ದಾಳ ಇಡಿ.